ವರ್ಷದ ಓದಿನ ಗುರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಕೊನೆಗೆ ಬಂತು ಅಂದ್ರೆ ನಮ್ಮ ಓದುವ ಗೆಳೆಯರ ನಡುವೆ ಒಂದೇ ಮಾತು: "ಮುಂದಿನ ವರ್ಷಕ್ಕೆ ಎಷ್ಟು?" ನಾವು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಲ್ಲಿ ಚದುರಿಕೊಂಡಿದ್ದೇವೆ. ಮೇಷ್ಟ್ರುಗಳಿದ್ದಾರೆ, ರೇಷ್ಮೆ ಬೆಳೆಯುವವರಿದ್ದಾರೆ, ದಿನಾ ಬೆಂಗಳೂರಿಗೆ ಹೋಗಿ ಬರುವವರಿದ್ದಾರೆ, ಮನೆ ನೋಡಿಕೊಳ್ಳುವವರಿದ್ದಾರೆ, ಸರ್ಕಾರಿ ಕೆಲಸದ ಪರೀಕ್ಷೆಗೆ ಕೂತಿರುವ ಹುಡುಗ ಹುಡುಗಿಯರಿದ್ದಾರೆ. ಹೊಸದಾಗಿ ಸೇರಿದವರು ಪ್ರತಿ ವರ್ಷ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ವರ್ಷದ ಓದಿನ ಗುರಿ ಅಂದ್ರೆ ಏನು?

ಈ ವರ್ಷ ಇಷ್ಟು ಪುಸ್ತಕ ಓದುತ್ತೇನೆ ಅಂತ ನಿಮಗೆ ನೀವೇ ಹೇಳಿಕೊಳ್ಳುವುದು, ಓದಿದ್ದನ್ನು ತಾರೀಕು ಸಮೇತ ಬರೆದಿಡುವುದು. ಅಷ್ಟೇ. ಗುಡ್‌ರೀಡ್ಸ್ ಅನ್ನುವ ಆಪ್ 2011ರಿಂದ ಇದನ್ನು 'ರೀಡಿಂಗ್ ಚಾಲೆಂಜ್' ಅಂತ ನಡೆಸುತ್ತಿದೆ. ಈ ಹೆಸರು ಜಾಸ್ತಿ ಜನಕ್ಕೆ ಗೊತ್ತಾಗಿದ್ದು ಅಲ್ಲಿಂದಲೇ. ಆದರೆ ಆಪ್ ಇಲ್ಲದೆಯೂ ಮಾಡಬಹುದು. ನಮ್ಮಲ್ಲಿ ಅರ್ಧ ಜನ ಹಾಗೇ ಮಾಡುತ್ತಾರೆ.

ಓದೋದು ಖುಷಿಗೆ ಅಲ್ವಾ? ಅದಕ್ಕೂ ಲೆಕ್ಕ ಯಾಕೆ?

ಇದು ನ್ಯಾಯವಾದ ಪ್ರಶ್ನೆ. ಲೆಕ್ಕ ಇಡದೆಯೂ ವರ್ಷವಿಡೀ ಓದುವವರು ಇದ್ದಾರೆ. ಅವರಿಗೆ ಇದರ ಅಗತ್ಯ ಇಲ್ಲ. ಆದರೆ "ಮೊದಲು ಎಷ್ಟು ಓದ್ತಿದ್ದೆ, ಈಗ ಟೈಮೇ ಸಿಗಲ್ಲ" ಅನ್ನುವವರು ನಮ್ಮ ಸುತ್ತ ತುಂಬಾ ಜನ. ಅವರಲ್ಲಿ ಹೆಚ್ಚಿನವರಿಗೆ ಸಮಯ ಇದೆ. ಅದು ಪುಸ್ತಕಕ್ಕೆ ಅಂತ ಬೇರೆ ಎತ್ತಿಟ್ಟಿಲ್ಲ, ಅಷ್ಟೇ. ರಾತ್ರಿ ಊಟ ಆದಮೇಲೆ ಮೊಬೈಲ್ ಹಿಡಿದು ಕೂತರೆ ಮುಕ್ಕಾಲು ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ. ಆ ಮುಕ್ಕಾಲು ಗಂಟೆಯಲ್ಲಿ ಇಪ್ಪತ್ತು ನಿಮಿಷ ಪುಸ್ತಕದ ಕಡೆ ತಿರುಗಿದರೆ ಸಾಕು. ಹಾಗೆ ತಿರುಗಿಸುವ ಕೆಲಸವನ್ನು ಗುರಿ ಮಾಡುತ್ತದೆ. ಸಂಖ್ಯೆಯಿಂದ ಬೇರೆ ಏನನ್ನೂ ನಿರೀಕ್ಷೆ ಮಾಡಬೇಡಿ.

ಎಷ್ಟು ಪುಸ್ತಕ ಅಂತ ಇಟ್ಟುಕೊಳ್ಳಲಿ?

ಗುಂಪಿನಲ್ಲಿ ಬೇರೆಯವರು 50 ಹಾಕಿದ್ದಾರೆ ಅಂತ ನೀವೂ 50 ಹಾಕಬೇಡಿ. ನಿಮ್ಮ ಲೆಕ್ಕ ನಿಮ್ಮಿಂದಲೇ ಹುಟ್ಟಬೇಕು.

ನಿಮಗೆ ಇಷ್ಟವಾಗುವಂಥ ಒಂದು ಪುಸ್ತಕ ತೆಗೆದುಕೊಳ್ಳಿ. ಮೊಬೈಲಿನಲ್ಲಿ 15 ನಿಮಿಷಕ್ಕೆ ಅಲಾರಂ ಇಡಿ. ಅವಸರ ಮಾಡದೆ ಓದಿ. ಎಷ್ಟು ಪುಟ ಆಯ್ತು ನೋಡಿ. 8 ಪುಟ ಆಯ್ತು ಅನ್ನಿ. ದಿನಕ್ಕೆ ಅರ್ಧ ಗಂಟೆ ಓದಿದರೆ 16 ಪುಟ. ಇಲ್ಲಿ ಜಾಸ್ತಿ ಜನ 365ರಿಂದ ಗುಣಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಮದುವೆ, ಜಾತ್ರೆ, ಜ್ವರ, ನೆಂಟರು, ಕರೆಂಟ್ ಹೋದ ರಾತ್ರಿ ಎಲ್ಲ ಕಳೆದು 250 ದಿನ ಅಂತ ಹಿಡಿಯಿರಿ. 16ನ್ನು 250ರಿಂದ ಗುಣಿಸಿದರೆ 4,000 ಪುಟ. 200 ಪುಟದ ಪುಸ್ತಕಗಳಾದರೆ 20. ನಿಮ್ಮ ಗುರಿ 20.

ಉಲ್ಟಾ ಕಡೆಯಿಂದಲೂ ನೋಡಬಹುದು. ತಿಂಗಳಿಗೆ ಒಂದು ಅಂತ ವರ್ಷಕ್ಕೆ 12 ಪುಸ್ತಕ ಅಂದುಕೊಂಡರೆ, ತಲಾ 200 ಪುಟ, ದಿನಕ್ಕೆ 7 ಪುಟವೂ ಬೇಕಾಗಿಲ್ಲ. 24 ಅಂದರೆ ದಿನಕ್ಕೆ 13 ಪುಟ. ವಾರಕ್ಕೊಂದರಂತೆ 52 ಅಂದರೆ ದಿನಕ್ಕೆ 28 ಪುಟ ದಾಟುತ್ತದೆ, ಅದೂ ಒಂದು ದಿನವೂ ಬಿಡದೆ. 52 ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಅದು ಎಷ್ಟು ಕಷ್ಟ ಅಂತ ಅಂಥ ಮನೆಯವರಿಗೇ ಗೊತ್ತು.

ಕಳೆದ ವರ್ಷ ಏನೂ ಓದಿಲ್ಲ ಅನ್ನುವವರಿಗೆ ನನ್ನ ಸಲಹೆ 6. ಎರಡು ತಿಂಗಳಿಗೆ ಒಂದು. ನಗಬೇಡಿ, 6 ಪುಸ್ತಕ ಮುಗಿಸಿದವರು ಮುಂದಿನ ವರ್ಷ ಬಂದೇ ಬರುತ್ತಾರೆ. 40 ಹಾಕಿ ಮಾರ್ಚ್‌ನಲ್ಲಿ ಕೈಬಿಟ್ಟವರು ಹಾಗೆ ಬರುವುದು ಕಡಿಮೆ.

ಪುಸ್ತಕದ ಲೆಕ್ಕ ಇಡಲೋ, ಪುಟದ ಲೆಕ್ಕವೋ, ಸಮಯದ ಲೆಕ್ಕವೋ?

ನೀವು ಏನು ಓದುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ.

ಪುಸ್ತಕ ಎಣಿಸುವುದು ಸುಲಭ. ಆದರೆ ಅದರಲ್ಲಿ ಒಂದು ತೊಂದರೆ ಇದೆ. ಗುರಿಯ ಮೇಲೆ ಕಣ್ಣಿಟ್ಟವರು ದಪ್ಪ ಪುಸ್ತಕಗಳಿಂದ ದೂರ ಓಡುತ್ತಾರೆ. 700 ಪುಟದ ಕಾದಂಬರಿಯೂ ಒಂದೇ, 80 ಪುಟದ ಕವನ ಸಂಕಲನವೂ ಒಂದೇ ಅಂತಾದರೆ, ಕೈ ತಾನಾಗಿಯೇ ತೆಳು ಪುಸ್ತಕದ ಕಡೆ ಹೋಗುತ್ತದೆ. ಕನ್ನಡದ ದೊಡ್ಡ ಕಾದಂಬರಿಗಳನ್ನು ಓದಬೇಕು ಅಂತ ಆಸೆ ಇದ್ದವರು ಪುಟದ ಲೆಕ್ಕ ಇಡಿ. ವರ್ಷಕ್ಕೆ 4,000 ಪುಟ ಅಂತ ಹಾಕಿಕೊಂಡರೆ ದಪ್ಪ ಪುಸ್ತಕ ಹೆದರಿಸುವುದಿಲ್ಲ.

ಕವಿತೆ, ವಚನ, ವಿಮರ್ಶೆ ಓದುವವರಿಗೆ ಪುಟವೂ ಸರಿಯಾದ ಅಳತೆ ಅಲ್ಲ. ಒಂದು ಪದ್ಯದ ಮುಂದೆ ಅರ್ಧ ಗಂಟೆ ಕೂರಬೇಕಾಗುತ್ತದೆ. ಅವರಿಗೆ ಸಮಯದ ಲೆಕ್ಕ ಒಳ್ಳೆಯದು: ದಿನಕ್ಕೆ 20 ನಿಮಿಷ, ಓದಿದ ದಿನ ಕ್ಯಾಲೆಂಡರಿನಲ್ಲಿ ಒಂದು ಗುರುತು. ಗೋಡೆಯ ಮೇಲಿನ ಕ್ಯಾಲೆಂಡರೇ ಸಾಕು.

ನನ್ನನ್ನು ಕೇಳಿದರೆ ಸಮಯದ ಲೆಕ್ಕವೇ ಎಲ್ಲಕ್ಕಿಂತ ಪ್ರಾಮಾಣಿಕ. ಅದರಲ್ಲಿ ಅವಸರದ ಓದಿಗೆ ಲಾಭ ಇಲ್ಲ.

ಜನವರಿ 1ಕ್ಕೇ ಶುರು ಮಾಡಬೇಕಾ?

ಇಲ್ಲ. ನಮ್ಮಲ್ಲಿ ಹಲವರು ಯುಗಾದಿಯಿಂದ ಯುಗಾದಿಗೆ ಲೆಕ್ಕ ಇಡುತ್ತಾರೆ. ಮೇಷ್ಟ್ರುಗಳಿಗೆ ಜೂನ್‌ನಿಂದ ಮೇ ಅನುಕೂಲ, ಯಾಕಂದ್ರೆ ಅವರ ವರ್ಷ ಶುರುವಾಗುವುದೇ ಶಾಲೆ ತೆರೆದಾಗ. ಆಪ್‌ಗಳು ಮಾತ್ರ ಜನವರಿ–ಡಿಸೆಂಬರ್ ಬಿಟ್ಟು ಬೇರೆ ಒಪ್ಪುವುದಿಲ್ಲ. ಆಗಸ್ಟ್‌ನಲ್ಲಿ ಸೇರಿದವರು ಉಳಿದ ಐದು ತಿಂಗಳಿಗೆ ತಕ್ಕಷ್ಟು ಚಿಕ್ಕ ಗುರಿ ಹಾಕಿಕೊಳ್ಳಿ.

ಓದಿದ್ದನ್ನು ಎಲ್ಲಿ ಬರೆದಿಡಲಿ? ಯಾವ ಆಪ್ ಒಳ್ಳೇದು?

ಮೊದಲು ನೋಟ್‌ಬುಕ್ ಬಗ್ಗೆ ಹೇಳುತ್ತೇನೆ, ನನಗೆ ಅದೇ ಇಷ್ಟ. ಅಂಗಡಿಯಲ್ಲಿ ಸಿಗುವ ಉದ್ದನೆಯ, ಗಟ್ಟಿ ರಟ್ಟಿನ ಲೆಕ್ಕದ ಪುಸ್ತಕ ತಗೊಳ್ಳಿ. ಎರಡು ಪುಟ ಸೇರಿಸಿ ಅಡ್ಡಲಾಗಿ ಗೆರೆ ಎಳೆಯಿರಿ. ಎಡಗಡೆ ಕ್ರಮಸಂಖ್ಯೆ, ಪುಸ್ತಕದ ಹೆಸರು, ಬರೆದವರು, ಪುಟ. ಬಲಗಡೆ ಶುರು ಮಾಡಿದ ದಿನ, ಮುಗಿಸಿದ ದಿನ, ಪುಸ್ತಕ ಎಲ್ಲಿಂದ ಬಂತು. ಕೊನೆಯಲ್ಲಿ ಒಂದು ಅಗಲವಾದ ಜಾಗ, ಒಂದೇ ಒಂದು ಸಾಲು ಬರೆಯುವುದಕ್ಕೆ.

ಆ ಕೊನೆಯ ಸಾಲಿಗೇ ಬೆಲೆ ಜಾಸ್ತಿ. "ಚೆನ್ನಾಗಿದೆ" ಅಂತ ಬರೆಯಬೇಡಿ. ಎರಡು ವರ್ಷ ಬಿಟ್ಟು ನೋಡಿದರೆ ಆ ಮಾತು ಏನನ್ನೂ ನೆನಪಿಸುವುದಿಲ್ಲ. "ಮೂರನೇ ಕಥೆಯಲ್ಲಿ ಅಜ್ಜಿ ಬಾಗಿಲು ತೆಗೆಯದೆ ಕಿಟಕಿಯಿಂದಲೇ ಮಗನ ಹತ್ತಿರ ಮಾತಾಡುತ್ತಾಳೆ, ಅದನ್ನು ಮತ್ತೆ ಓದಬೇಕು" ಅಂತ ಬರೆಯಿರಿ. ಅಥವಾ "ಮೊದಲ 60 ಪುಟ ಎಳೆಯುತ್ತದೆ, ಊರು ಬಿಟ್ಟ ಮೇಲೆ ಕೆಳಗಿಡಲು ಆಗಲಿಲ್ಲ" ಅಂತ. ಆ ಒಂದು ಸಾಲಿನಿಂದ ಇಡೀ ಪುಸ್ತಕ ಎದ್ದು ಬರುತ್ತದೆ. "ಎಲ್ಲಿಂದ ಬಂತು" ಅನ್ನುವ ಕಾಲಂ ಕೂಡ ಬಿಡಬೇಡಿ. ಯಾರ ಪುಸ್ತಕ ವಾಪಸ್ ಕೊಟ್ಟಿಲ್ಲ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಆಪ್ ಬೇಕು ಅನ್ನುವವರಿಗೆ ಎರಡು ಹೆಸರು ಹೇಳಬಹುದು. ಗುಡ್‌ರೀಡ್ಸ್ ಹಳೆಯದು, 2013ರಿಂದ ಅಮೆಜಾನ್ ಕಂಪನಿಯದ್ದು. ಗೆಳೆಯರು ಏನು ಓದುತ್ತಿದ್ದಾರೆ ಅಂತ ನೋಡುವುದಕ್ಕೆ ಚೆನ್ನಾಗಿದೆ. ಸ್ಟೋರಿಗ್ರಾಫ್ ಅದರ ನಂತರ ಬಂದದ್ದು. ಅದರಲ್ಲಿ ಪುಸ್ತಕದ ಗುರಿಯ ಜೊತೆಗೆ ಪುಟದ ಗುರಿ, ಗಂಟೆಯ ಗುರಿ ಕೂಡ ಇಡಬಹುದು. ಗುಡ್‌ರೀಡ್ಸ್‌ನಲ್ಲಿ ಇರುವ ಹಳೇ ಪಟ್ಟಿಯನ್ನು ಒಂದು ಫೈಲ್ ಆಗಿ ಇಳಿಸಿಕೊಂಡು ಸ್ಟೋರಿಗ್ರಾಫ್‌ಗೆ ಹಾಕಬಹುದು.

ಕಂಪ್ಯೂಟರ್ ಬಳಸುವವರು ಗೂಗಲ್ ಶೀಟ್‌ನಲ್ಲಿ ಅದೇ ನೋಟ್‌ಬುಕ್ಕಿನ ಕಾಲಂಗಳನ್ನು ಮಾಡಿಕೊಳ್ಳಿ. ಪುಟಗಳ ಮೊತ್ತ ತಾನೇ ಕೂಡುತ್ತದೆ.

ಗುಡ್‌ರೀಡ್ಸ್‌ನಲ್ಲಿ ಕನ್ನಡ ಪುಸ್ತಕ ಹುಡುಕಿದರೆ ಸಿಗ್ತಾ ಇಲ್ಲ. ಏನು ಮಾಡಲಿ?

ಮೂರು ರೀತಿ ಹುಡುಕಿ. ಮೊದಲು ಹೆಸರನ್ನು ಕನ್ನಡ ಅಕ್ಷರದಲ್ಲೇ ಟೈಪ್ ಮಾಡಿ. ಸಿಗದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ. ಒಂದೇ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ, ಅದಕ್ಕೇ ಎರಡು ಮೂರು ಸಲ ಕಾಗುಣಿತ ಬದಲಾಯಿಸಿ ನೋಡಿ. ಅದೂ ಆಗದಿದ್ದರೆ ಪುಸ್ತಕದ ಹಿಂಬದಿಯಲ್ಲಿ ಅಥವಾ ಒಳಪುಟದಲ್ಲಿ ಇರುವ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ ಹಾಕಿ. ಈಗಿನ ಪುಸ್ತಕಗಳಲ್ಲಿ ಅದು 13 ಅಂಕಿಯದ್ದು, 978ರಿಂದ ಶುರುವಾಗುತ್ತದೆ. ನಮ್ಮ ದೇಶದ ಪುಸ್ತಕಗಳಲ್ಲಿ ಅದರ ಮುಂದೆ 81 ಅಥವಾ 93 ಇರುತ್ತದೆ.

ಹಳೆಯ ಕನ್ನಡ ಪುಸ್ತಕಗಳಲ್ಲಿ ಐಎಸ್‌ಬಿಎನ್ ಇರುವುದೇ ಇಲ್ಲ. ಅಂಥವನ್ನು ಹೊಸದಾಗಿ ಸೇರಿಸಬೇಕು. ನೀವೇ ಸೇರಿಸಲು ಆಗದಿದ್ದರೆ ಗುಡ್‌ರೀಡ್ಸ್‌ನ ಲೈಬ್ರೇರಿಯನ್ ಗುಂಪಿನಲ್ಲಿ ವಿವರ ಕೊಟ್ಟು ಕೇಳಿ. ಹೆಸರು, ಬರೆದವರು, ಪ್ರಕಾಶಕರು, ಪುಟ, ಮುದ್ರಣದ ವರ್ಷ ತುಂಬಿ. ಪುಟ ಸಂಖ್ಯೆಗೆ ಕೊನೆಯ ಪುಟದ ಅಂಕಿ ನೋಡಿ. ಮುನ್ನುಡಿ, ಅರಿಕೆಗಳಿಗೆ ಕೆಲವು ಪುಸ್ತಕಗಳಲ್ಲಿ ಬೇರೆ ಅಂಕಿ ಕೊಟ್ಟಿರುತ್ತಾರೆ, ಅದನ್ನು ಸೇರಿಸುವ ಅಗತ್ಯ ಇಲ್ಲ. ಇದಕ್ಕೆ ಐದು ನಿಮಿಷ ಹಿಡಿಯುತ್ತದೆ, ನಿಜ. ಆದರೆ ನೀವು ಒಮ್ಮೆ ಸೇರಿಸಿದರೆ ಮುಂದೆ ಹುಡುಕುವ ಕನ್ನಡ ಓದುಗರಿಗೆಲ್ಲ ಅದು ಸಿಗುತ್ತದೆ. ಇದನ್ನು ದಯವಿಟ್ಟು ಮಾಡಿ.

ಮುನ್ನುಡಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ: ಕಾದಂಬರಿಯಾದರೆ ಮುನ್ನುಡಿಯನ್ನು ಕೊನೆಗೆ ಓದಿ. ನಮ್ಮಲ್ಲಿ ಮುನ್ನುಡಿ ಬರೆಯುವವರು ಕಥೆ ಪೂರ್ತಿ ಹೇಳಿಬಿಡುವುದು ಜಾಸ್ತಿ.

ಪುಸ್ತಕ ಮುಗಿಸಿ 'ಓದಿದೆ' ಅಂತ ಒತ್ತಿದ್ದೇನೆ, ಆದರೂ ಆಪ್‌ನಲ್ಲಿ ಎಣಿಕೆ ಏರಿಲ್ಲ.

ಮುಗಿಸಿದ ತಾರೀಕು ಹಾಕಿಲ್ಲ, ಅಥವಾ ತಾರೀಕಿನಲ್ಲಿ ಬೇರೆ ವರ್ಷ ಇದೆ. ಗುಡ್‌ರೀಡ್ಸ್ ಎಣಿಸುವುದು ಮುಗಿಸಿದ ತಾರೀಕು ನೋಡಿ. ಸರಿ ಮಾಡಿದರೆ ಸಂಖ್ಯೆ ಏರುತ್ತದೆ. ವರ್ಷದ ಮಧ್ಯ ಗುರಿಯನ್ನೇ ಬದಲಾಯಿಸಬೇಕು ಅಂದರೂ ಆಗುತ್ತದೆ.

ಆಪ್ ಯಾವಾಗಲೂ "ನೀವು ಹಿಂದಿದ್ದೀರಿ" ಅಂತಲೇ ತೋರಿಸುತ್ತೆ. ಬೇಜಾರಾಗುತ್ತೆ.

ಅದರ ಲೆಕ್ಕ ಹೇಗೆ ಅಂತ ಗೊತ್ತಾದರೆ ಅಷ್ಟು ಬೇಜಾರಾಗುವುದಿಲ್ಲ. ಅದು ನಿಮ್ಮ ಗುರಿಯನ್ನು 365 ದಿನಕ್ಕೂ ಸಮನಾಗಿ ಹಂಚುತ್ತದೆ. ಗುರಿ 24 ಇದ್ದರೆ, ಜೂನ್ 30ಕ್ಕೆ ವರ್ಷದ 181ನೇ ದಿನ, ಅಷ್ಟೊತ್ತಿಗೆ 12 ಮುಗಿದಿರಬೇಕು ಅನ್ನುತ್ತದೆ. 9 ಮುಗಿದಿದ್ದರೆ ಮೂರು ಹಿಂದೆ. ಆದರೆ ಯಾರ ವರ್ಷವೂ ಹಾಗೆ ಸಮನಾಗಿ ಹರಿಯುವುದಿಲ್ಲ. ನಮ್ಮ ಕಡೆಯವರದ್ದಂತೂ ಇಲ್ಲವೇ ಇಲ್ಲ. ಶ್ರೀನಿವಾಸಪುರದವರಿಗೆ ಮಾವಿನ ಕಾಲದಲ್ಲಿ, ಮೇ ಜೂನ್‌ನಲ್ಲಿ, ಉಸಿರಾಡಲು ಬಿಡುವಿಲ್ಲ. ರಾಗಿ ಬೆಳೆಯುವವರಿಗೆ ಕೊಯ್ಲು, ಒಕ್ಕಣೆ ವರ್ಷದ ಕೊನೆಗೆ ಬರುತ್ತದೆ. ಆಪ್ ಇದನ್ನೇನು ಬಲ್ಲದು?

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ನಮ್ಮ ಗೆಳತಿಯೊಬ್ಬರು ಇದಕ್ಕೆ ತಮ್ಮದೇ ದಾರಿ ಮಾಡಿಕೊಂಡಿದ್ದಾರೆ. ಹುಳು ಗೂಡು ಕಟ್ಟುವುದಕ್ಕೆ ಮೊದಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ. ಆಗ ಒಂದು ದಿನದ ಆಸುಪಾಸು ಅದು ಸೊಪ್ಪು ಮುಟ್ಟುವುದಿಲ್ಲ. ಆ ಹೊತ್ತು ಅವರ ಓದಿನ ಹೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಪುಸ್ತಕ ತೆರೆಯುವ ಮಾತೇ ಇಲ್ಲ. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಒಂದು ವಾರದಲ್ಲೇ ತಿನ್ನುತ್ತದೆ. ಮನೆಮಂದಿಯೆಲ್ಲ ಹಿಪ್ಪುನೇರಳೆ ತೋಟಕ್ಕೂ ಹುಳುಮನೆಗೂ ಓಡಾಡಬೇಕು. ಆಮೇಲೆ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ ಬಿಟ್ಟು, ಗೂಡು ಬಿಡಿಸಿ, ಮಾರುಕಟ್ಟೆಗೆ ಹಾಕಿ ಬಂದರೆ ಮತ್ತೆ ಬಿಡುವು. ಹಾಗಾಗಿ ಅವರು ತಿಂಗಳ ಲೆಕ್ಕ ಬಿಟ್ಟು ಬೆಳೆಯ ಲೆಕ್ಕ ಹಿಡಿದಿದ್ದಾರೆ: ಒಂದು ಬೆಳೆಗೆ ಎರಡು ಪುಸ್ತಕ. ಕ್ಯಾಲೆಂಡರಿಗಿಂತ ಇದು ಸಾವಿರ ಪಾಲು ಮೇಲು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಕೆಲಸದಲ್ಲಿ ಅಂಥ ಬಿಡುವು ಎಲ್ಲಿ ಬರುತ್ತದೆ ಅಂತ ಮೊದಲು ನೋಡಿಕೊಳ್ಳಿ, ಗುರಿಯನ್ನು ಅಲ್ಲಿ ಕೂರಿಸಿ.

ದಿನಾ ಟ್ರೈನ್‌ನಲ್ಲಿ ಬೆಂಗಳೂರಿಗೆ ಹೋಗಿ ಬರ್ತೀನಿ. ಓದೋಕೆ ಆಗುತ್ತಾ?

ಖಂಡಿತ ಆಗುತ್ತದೆ. ನಮ್ಮಲ್ಲಿ ಹೆಚ್ಚು ಓದುವವರಲ್ಲಿ ಕೆಲವರು ಪಾಸ್ ಇಟ್ಟುಕೊಂಡು ಓಡಾಡುವವರೇ. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್, ಪ್ಯಾಸೆಂಜರ್ ಗಾಡಿಯಲ್ಲಿ ಒಂದೂವರೆ ಗಂಟೆ ಆಸುಪಾಸು. ಬೆಳಿಗ್ಗೆ ತುಮಕೂರಿನಲ್ಲೇ ಹತ್ತುವವರಿಗೆ ಸೀಟು ಸಿಗುವ ಸಾಧ್ಯತೆ ಇದೆ. ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ ದಾಟುವ ಹೊತ್ತಿಗೆ ಗಾಡಿ ತುಂಬುತ್ತದೆ. ಹಾಗಾಗಿ ಕೂತ ತಕ್ಷಣ ಪುಸ್ತಕ ತೆಗೆಯಿರಿ, ಮೊಬೈಲ್ ಆಮೇಲೆ. ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ ಓದಿದರೂ ತಿಂಗಳಿಗೆ 22 ಕೆಲಸದ ದಿನಕ್ಕೆ 22 ಗಂಟೆ. ಮೇಲೆ ಹೇಳಿದ ವೇಗದಲ್ಲಿ 700 ಪುಟ. ತಿಂಗಳಿಗೆ ಮೂರು ಪುಸ್ತಕ!

ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಬರುವವರಿಗೂ ಇದೇ ಮಾತು. ನಿಂತು ಹೋಗಬೇಕಾದವರಿಗೆ ತೆಳುವಾದ, ಒಂದು ಕೈಯಲ್ಲಿ ಹಿಡಿಯುವಂಥ ಪುಸ್ತಕ ಸರಿ. ಕಥಾಸಂಕಲನ ಎಲ್ಲಕ್ಕಿಂತ ಒಳ್ಳೇದು, ಒಂದು ಕಥೆ ಮುಗಿಯುವಷ್ಟರಲ್ಲಿ ಇಳಿಯುವ ಸ್ಟೇಷನ್ ಬಂದಿರುತ್ತದೆ. ದಪ್ಪ ಕಾದಂಬರಿ ಮನೆಯಲ್ಲೇ ಇರಲಿ.

ಪರೀಕ್ಷೆಗೆ ಓದೋ ಪುಸ್ತಕ ಲೆಕ್ಕಕ್ಕೆ ಬರುತ್ತಾ?

ಯಾವ ಜಿಲ್ಲಾ ಗ್ರಂಥಾಲಯಕ್ಕೆ ಹೋದರೂ ಕೆಎಎಸ್, ಪಿಡಿಒ, ಪೊಲೀಸ್ ಪರೀಕ್ಷೆಗೆ ಓದುವ ಮಕ್ಕಳು ಬೆಳಿಗ್ಗೆಯಿಂದ ಸಂಜೆವರೆಗೆ ಕೂತಿರುತ್ತಾರೆ. ಅವರಷ್ಟು ಗಂಟೆ ಓದುವವರು ಬೇರೆ ಯಾರೂ ಇಲ್ಲ. ಆದರೆ ಗೈಡು, ಪ್ರಶ್ನೆಪತ್ರಿಕೆ ಸಂಗ್ರಹ ಈ ಪಟ್ಟಿಗೆ ಬೇಡ. ಇತಿಹಾಸದ ಒಂದು ಪೂರ್ತಿ ಪುಸ್ತಕ, ಒಂದು ಆತ್ಮಕಥೆ ಮೊದಲಿಂದ ಕೊನೆವರೆಗೆ ಓದಿದ್ದರೆ ಧಾರಾಳವಾಗಿ ಹಾಕಿಕೊಳ್ಳಿ. ಪರೀಕ್ಷೆಯ ವರ್ಷದಲ್ಲಿ ಗುರಿ 4 ಇದ್ದರೂ ಸಾಕು. ಮಲಗುವ ಮುಂಚೆ ಹತ್ತು ಪುಟ ಕಥೆ ಓದಿದರೆ ತಲೆ ಹಗುರಾಗುತ್ತದೆ.

ಮನೇಲಿ ತೆಲುಗು ಮಾತಾಡ್ತೀವಿ. ತೆಲುಗು, ಉರ್ದು, ಇಂಗ್ಲಿಷ್ ಪುಸ್ತಕ ಸೇರಿಸಬಹುದಾ?

ಸೇರಿಸಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಎಷ್ಟೋ ಮನೆಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಕೈವಾರ ತಾತಯ್ಯನವರು ಎರಡೂ ಭಾಷೆಯಲ್ಲಿ ಹಾಡಿದವರು. ನೋಟ್‌ಬುಕ್ಕಿನಲ್ಲಿ ಭಾಷೆಗೂ ಒಂದು ಕಾಲಂ ಹಾಕಿ. ವರ್ಷದ ಕೊನೆಗೆ ಯಾವ ಭಾಷೆಯಲ್ಲಿ ಎಷ್ಟು ಓದಿದಿರಿ ಅಂತ ಗೊತ್ತಾಗುತ್ತದೆ. ಇಂಗ್ಲಿಷ್ ಜಾಸ್ತಿ ಓದುವವರು ಕನ್ನಡಕ್ಕೆ ಕನಿಷ್ಠ ಅರ್ಧ ಜಾಗ ಕೊಡಬೇಕು ಅನ್ನುವುದು ನನ್ನ ಆಸೆ. ಬಲವಂತ ಇಲ್ಲ.

ಮಂಕುತಿಮ್ಮನ ಕಗ್ಗವನ್ನು ದಿನಾ ಸ್ವಲ್ಪ ಸ್ವಲ್ಪ ಓದ್ತೀನಿ. ಅದನ್ನು ಹೇಗೆ ಎಣಿಸೋದು?

ತುಂಬಾ ಜನ ಕೇಳುತ್ತಾರೆ. ಕಗ್ಗದಲ್ಲಿ 945 ಪದ್ಯಗಳಿವೆ. ದಿನಕ್ಕೆ ಮೂರರಂತೆ ಓದಿದರೆ 315 ದಿನಕ್ಕೆ ಮುಗಿಯುತ್ತದೆ, ಬಿಟ್ಟುಹೋದ ದಿನಗಳಿಗೆ ಐವತ್ತು ಉಳಿಯುತ್ತದೆ. ವರ್ಷದ ಓದಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಪುಸ್ತಕ ನನಗೆ ಗೊತ್ತಿಲ್ಲ. ಪೂರ್ತಿ ಮುಗಿದ ದಿನ ಒಂದು ಪುಸ್ತಕ ಅಂತ ಹಾಕಿ. ಅಲ್ಲಿಯವರೆಗೆ ಎಷ್ಟನೇ ಪದ್ಯಕ್ಕೆ ಬಂದಿರಿ ಅನ್ನುವುದನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಳ್ಳಿ. ವಚನ, ಕುಮಾರವ್ಯಾಸ, ಭಗವದ್ಗೀತೆ, ಕುರಾನ್, ಬೈಬಲ್ ದಿನಾ ಓದುವವರಿಗೂ ಇದೇ ರೀತಿ.

ಆಡಿಯೊ ಪುಸ್ತಕ ಕೇಳಿದರೆ ಓದಿದ ಹಾಗಾ?

ಹೌದು. ಕಣ್ಣಿನ ಪೊರೆಯ ಆಪರೇಷನ್ ಆದವರು, ಅಡುಗೆಮನೆಯಲ್ಲಿ ಕೈ ಬಿಡುವಿಲ್ಲದವರು, ಗಾಡಿ ಓಡಿಸುವವರು ಕೇಳಿಯೇ ಓದಬೇಕು. ನಮ್ಮ ನಾಡಿನಲ್ಲಿ ಒಬ್ಬರು ಓದಿ ಹತ್ತು ಜನ ಕೇಳುವುದು ಹೊಸದೇನಲ್ಲ, ಗಮಕ ಅಂದರೆ ಅದೇ ತಾನೇ. ಪುಟದ ಬದಲು ಗಂಟೆ ಬರೆಯಿರಿ. ಮೈಲ್ಯಾಂಗ್ ಬುಕ್ಸ್ ಆಪ್‌ನಲ್ಲಿ ಕನ್ನಡದ ಇ-ಪುಸ್ತಕ, ಆಡಿಯೊ ಪುಸ್ತಕ ಎರಡೂ ಸಿಗುತ್ತವೆ. ನೀವು ಅಜ್ಜಿಗೋ ಅತ್ತೆಗೋ ಗಟ್ಟಿಯಾಗಿ ಓದಿ ಹೇಳಿದರೆ ಇಬ್ಬರ ಪಟ್ಟಿಗೂ ಹಾಕಿ.

ಹಿಂದೆ ಓದಿದ್ದನ್ನು ಮತ್ತೆ ಓದಿದರೆ?

ಎಣಿಸಿ. ಗುಡ್‌ರೀಡ್ಸ್‌ನಲ್ಲಿ ಎರಡನೇ ಸಲದ ತಾರೀಕನ್ನು ಬೇರೆಯಾಗಿ ಸೇರಿಸಬೇಕು.

ವಾರಪತ್ರಿಕೆ, ಮಾಸಪತ್ರಿಕೆ?

ಬೇಡ. ದೀಪಾವಳಿ ವಿಶೇಷಾಂಕ ಪೂರ್ತಿ ಓದಿದ್ದರೆ ಅದಕ್ಕೆ ಒಂದು ಕೊಡಬಹುದು.

ಅರ್ಧಕ್ಕೆ ಬಿಟ್ಟ ಪುಸ್ತಕ?

ಪುಸ್ತಕದ ಲೆಕ್ಕದಲ್ಲಿ ಬರುವುದಿಲ್ಲ, ಪುಟದ ಲೆಕ್ಕದಲ್ಲಿ ಓದಿದಷ್ಟು ಬರುತ್ತದೆ. ಬಿಡುವುದರಲ್ಲಿ ತಪ್ಪಿಲ್ಲ. 50 ಪುಟ ಓದಿಯೂ ಒಳಗೆ ಹೋಗಲು ಆಗದಿದ್ದರೆ ಪಕ್ಕಕ್ಕಿಡಿ, ಯಾಕೆ ಬಿಟ್ಟಿರಿ ಅಂತ ಒಂದು ಸಾಲು ಬರೆಯಿರಿ. ಓದು ನಿಂತೇ ಹೋಗುವುದು ಹೆಚ್ಚಾಗಿ ಇಲ್ಲಿ: ಹಿಡಿಸದ ಒಂದು ಪುಸ್ತಕ ತಲೆದಿಂಬಿನ ಪಕ್ಕ ಎರಡು ತಿಂಗಳು ಬಿದ್ದಿರುತ್ತದೆ, ಅದು ಮುಗಿಯದೆ ಇನ್ನೊಂದು ಶುರು ಮಾಡಬಾರದು ಅಂತ ನಾವೇ ಅಂದುಕೊಂಡಿರುತ್ತೇವೆ.

ಇಷ್ಟು ಪುಸ್ತಕ ಕೊಂಡುಕೊಳ್ಳೋಕೆ ದುಡ್ಡೆಲ್ಲಿ?

ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ನೀವು ಕಟ್ಟುವ ಮನೆ ಕಂದಾಯದಲ್ಲಿ ಗ್ರಂಥಾಲಯ ಕರವೂ ಸೇರಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ನೀವು ಆಗಲೇ ದುಡ್ಡು ಕೊಟ್ಟಾಗಿದೆ, ಹೋಗಿ ಓದಿ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಸದಸ್ಯರಾದರೆ ಪುಸ್ತಕ ಮನೆಗೆ ತರಬಹುದು. ವಿಳಾಸದ ದಾಖಲೆ, ಫೋಟೊ ಒಯ್ಯಿರಿ, ಚಿಕ್ಕ ಠೇವಣಿ ಇರುತ್ತದೆ. ಸೋಮವಾರ ಹೋಗಬೇಡಿ, ರಜೆ. ಪುಸ್ತಕದ ಒಳಗೆ ಅಂಟಿಸಿರುವ ಚೀಟಿಯಲ್ಲಿ ವಾಪಸ್ ಕೊಡುವ ತಾರೀಕಿನ ಮುದ್ರೆ ಹಾಕಿ ಕೊಡುತ್ತಾರೆ. ಓದು ಮುಂದೂಡುವವರಿಗೆ ಆ ಮುದ್ರೆ ಯಾವ ಆಪ್‌ಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ.

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ನೋಡಿ, ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. ಕೊಳ್ಳುವವರು ನವೆಂಬರ್‌ಗೆ ಕಾಯಿರಿ. ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರವೂ ಹಲವು ಪ್ರಕಾಶಕರೂ ರಿಯಾಯಿತಿ ಕೊಡುತ್ತಾರೆ. ಮುಂದಿನ ವರ್ಷದ ಪಟ್ಟಿ ಮಾಡಲು ಅದೇ ಒಳ್ಳೆಯ ಸಮಯ.

ವಾಟ್ಸಾಪ್‌ನಲ್ಲಿ ಬರೋ ಪಿಡಿಎಫ್ ಓದಬಹುದಾ?

ಯಾವ ಪಿಡಿಎಫ್ ಅನ್ನುವುದು ಮುಖ್ಯ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಪುಸ್ತಕದ ಹಕ್ಕು (ಕಾಪಿರೈಟ್) ಇರುತ್ತದೆ. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಅವರು ಬರೆದದ್ದು ಈಗ ಎಲ್ಲರ ಸೊತ್ತು. ಕಗ್ಗ ಬರೆದ ಡಿವಿಜಿ ತೀರಿಕೊಂಡದ್ದು 1975ರಲ್ಲಿ, ಅವರ ಪುಸ್ತಕಗಳಿಗೆ 2035 ಮುಗಿಯುವವರೆಗೆ ಹಕ್ಕಿದೆ. ಈಗ ಬರೆಯುತ್ತಿರುವವರ ಹೊಸ ಪುಸ್ತಕ ಸ್ಕ್ಯಾನ್ ಮಾಡಿ ಹಂಚುವುದು ಕಳ್ಳತನ. ಯಾವುದಾದರೂ ಕನ್ನಡ ಪುಸ್ತಕದ ಒಳಪುಟ ತೆಗೆದು 'ಪ್ರತಿಗಳು' ಅನ್ನುವ ಕಡೆ ನೋಡಿ, ಎಷ್ಟೋ ಕಡೆ 1000 ಅಂತಿರುತ್ತದೆ. ಅಷ್ಟೇ ಪ್ರತಿ ಅಚ್ಚಾಗುವ ಕಡೆ ನೂರು ಜನ ಪಿಡಿಎಫ್ ಹಂಚಿಕೊಂಡರೆ ಪ್ರಕಾಶಕರು ಮುಂದಿನ ಪುಸ್ತಕ ಹೇಗೆ ತರುತ್ತಾರೆ? ಅಂಥದ್ದು ನಮ್ಮ ಗುಂಪಿಗೆ ಬಂದರೆ ನಾವು ತೆಗೆದುಹಾಕುತ್ತೇವೆ.

ಸಂಖ್ಯೆ ಬಿಟ್ಟು ಬೇರೆ ಥರದ ಗುರಿ ಇದೆಯಾ?

ಇದೆ, ಅದೇ ಹೆಚ್ಚು ರುಚಿ. ನನಗೆ ಇಷ್ಟವಾದದ್ದು 'ನಮ್ಮ ಜಿಲ್ಲೆಯವರು'. ಮಾಸ್ತಿ ಮಾಲೂರು ತಾಲ್ಲೂಕಿನವರು, 1983ರ ಜ್ಞಾನಪೀಠ ಅವರದ್ದು. ಡಿವಿಜಿ ಮುಳಬಾಗಿಲಿನವರು. ಬಿ.ಎಂ.ಶ್ರೀ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ತೀನಂಶ್ರೀ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರ ಆತ್ಮಕಥೆ ಇದೆ. ಕಥೆ, ಕವಿತೆ, ಪ್ರಬಂಧ, ಕಾವ್ಯಮೀಮಾಂಸೆ, ಆತ್ಮಕಥೆ ಎಲ್ಲ ಪಕ್ಕದ ಊರುಗಳಿಂದಲೇ ಸಿಗುತ್ತದೆ. ಈಗ ಬರೆಯುತ್ತಿರುವವರನ್ನೂ ಹುಡುಕಿ ಸೇರಿಸಿ. ಓದಿದ ಮೇಲೆ ಒಂದು ಭಾನುವಾರ ಆ ಊರಿಗೆ ಹೋಗಿ ಬನ್ನಿ.

ಇನ್ನೊಂದು: ಮನೆಯ ಕಪಾಟಿನಲ್ಲಿ ಕೊಂಡಿಟ್ಟು ಓದದೇ ಇರುವ ಪುಸ್ತಕಗಳನ್ನೇ ವರ್ಷವಿಡೀ ಓದುವುದು. ಖರ್ಚಿಲ್ಲ.

ಮಕ್ಕಳಿಗೂ ಗುರಿ ಕೊಡಬಹುದಾ?

ಕೊಡಬಹುದು, ಆದರೆ ಬಹುಮಾನ, ಬೈಗುಳ ಎರಡೂ ಬೇಡ. ಪಕ್ಕದ ಮನೆ ಮಗುವಿನ ಜೊತೆ ಹೋಲಿಸುವುದಂತೂ ಬೇಡವೇ ಬೇಡ. ಚಿಕ್ಕ ಮಕ್ಕಳಿಗೆ ದಿನಾ ರಾತ್ರಿ ಒಂದು ಕಥೆ ಸಾಕು. ಓದಿದ ಪುಸ್ತಕದ ಚಿತ್ರವನ್ನು ಅವರೇ ಒಂದು ಹಾಳೆಯಲ್ಲಿ ಬರೆಯಲಿ, ಅದೇ ಅವರ ಪಟ್ಟಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ಪುಕ್ಕಟೆ ಸಿಗುತ್ತವೆ. 'ಓದುವ ಬೆಳಕು' ಅನ್ನುವ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದಲ್ಲಿ ಸದಸ್ಯತ್ವವೂ ಉಚಿತ. ಏಪ್ರಿಲ್, ಮೇ ರಜೆಗೆ ಮುಂಚೆಯೇ ಕಾರ್ಡ್ ಮಾಡಿಸಿಡಿ.

ಒಬ್ಬರೇ ಮಾಡೋದೋ, ಗುಂಪಿನಲ್ಲೋ?

ಇಬ್ಬರು ಸಾಕು. ಅಕ್ಕ ತಂಗಿ, ಗಂಡ ಹೆಂಡತಿ, ಸಹೋದ್ಯೋಗಿಗಳು ಯಾರಾದರೂ ಆಗಲಿ. ತಿಂಗಳ ಮೊದಲ ಭಾನುವಾರ ಒಬ್ಬರಿಗೊಬ್ಬರು ಪಟ್ಟಿ ಕಳಿಸಿ, ಒಂದು ಪುಸ್ತಕದ ಬಗ್ಗೆ ಐದು ನಿಮಿಷ ಮಾತಾಡಿ. ದೊಡ್ಡ ಗುಂಪಿನಲ್ಲಿ ಸಂಖ್ಯೆ ಹಾಕುವವರು ಜಾಸ್ತಿ ಆಗಿ ಪುಸ್ತಕದ ಮಾತು ಕಡಿಮೆ ಆಗುತ್ತದೆ. ನಮ್ಮಲ್ಲಿ ಅದಕ್ಕೇ ಒಂದು ನಿಯಮ ಇದೆ: ಬರೀ ಸಂಖ್ಯೆ ಹಾಕುವಂತಿಲ್ಲ, ಪುಸ್ತಕದ ಹೆಸರೂ ಒಂದು ಸಾಲೂ ಜೊತೆಗಿರಬೇಕು.

ಡಿಸೆಂಬರ್ ಬಂತು, ಇನ್ನೂ ಐದು ಬಾಕಿ. ತೆಳು ಪುಸ್ತಕ ಓದಿ ಮುಗಿಸಲಾ?

ಆ ತೆಳು ಪುಸ್ತಕ ನಿಮಗೆ ನಿಜವಾಗಿ ಓದಬೇಕು ಅನ್ನಿಸಿದ್ದರೆ ಓದಿ. ಕನ್ನಡದಲ್ಲಿ ನೂರು ಪುಟದೊಳಗಿನ ಒಳ್ಳೆಯ ಕಿರುಕಾದಂಬರಿ, ನಾಟಕ ಬೇಕಾದಷ್ಟಿವೆ. ಸಂಖ್ಯೆ ತುಂಬಿಸುವುದಕ್ಕೆ ಮಾತ್ರ ಆದರೆ ಬೇಡ, ಗುರಿಯನ್ನು ಕಡಿಮೆ ಮಾಡಿಕೊಳ್ಳಿ. 20 ಅಂದುಕೊಂಡು 15 ಓದಿದ್ದೀರಿ ಅಂದರೆ ಆ 15 ನಿಮ್ಮ ಬಳಿ ಇವೆ. ಮುಂದಿನ ವರ್ಷ 15ಕ್ಕೇ ಹಾಕಿ. ಬಾಕಿ ಐದನ್ನು ಸಾಲದ ಹಾಗೆ ಮುಂದಕ್ಕೆ ಹೊತ್ತುಕೊಂಡು ಹೋಗಬೇಡಿ.

ಡಿಸೆಂಬರ್‌ನಲ್ಲಿ ಶುರು ಮಾಡಿ ಜನವರಿಯಲ್ಲಿ ಮುಗಿಸಿದ ಪುಸ್ತಕ ಯಾವ ವರ್ಷಕ್ಕೆ?

ಮುಗಿಸಿದ ವರ್ಷಕ್ಕೆ. ಪುಟದ ಲೆಕ್ಕ ಇಡುವವರು ಡಿಸೆಂಬರ್ 31ರ ರಾತ್ರಿ ಎಷ್ಟನೇ ಪುಟದಲ್ಲಿದ್ದೀರಿ ಅಂತ ಬರೆದಿಟ್ಟು, ಅಲ್ಲಿಗೆ ಎರಡು ಪಾಲು ಮಾಡಿ.